ಹುಳುಮನೆಯ ಹಸಿರು ಪಟ್ಟಿ

ಕುಮಾರಿಗೆ ಕೂತಲ್ಲಿ ಕೂರುವುದೆಂದರೆ ಶಿಕ್ಷೆ. ಗುಂಡ್ಲುಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವಾಗ ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತಾಳೆ. ಮುಂದಿನ ಬೆಂಚಿನ ಹುಡುಗಿಯರಿಗೆ ಕತ್ತು ನೋವು ಬರುತ್ತದಂತೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಊರು ಬರುವುದಕ್ಕೆ ಎಷ್ಟೋ ಮೊದಲೇ ಎದ್ದು ಬಾಗಿಲ ಬಳಿ ನಿಂತಿರುತ್ತಾಳೆ. ಉಣ್ಣಲು ಕೂತರೆ ಅರ್ಧ ಮುದ್ದೆಗೆ ಏನೋ ನೆನಪಾಗಿ ಎದ್ದೇಬಿಡುತ್ತಾಳೆ. "ಕಾಲ್ಗೆ ಚಕ್ರ ಕಟ್ಕಂಡೇ ಉಟ್ಟವ್ಳೆ ಇವ್ಳು" ಎಂದು ಅವಳ ತಾಯಿ ಮಂಗಮ್ಮ ಬೈಯದ ದಿನವಿಲ್ಲ. ಮಂಗಮ್ಮ ಬೇಗೂರಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ತಂದೆ ಮಾರಯ್ಯ ಕಂಡವರ ಅರಿಸಿನದ ಹೊಲದಲ್ಲಿ ದುಡಿದು ಬಂದವನು. ಅವನು ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ, ಮಗಳು ಬಿಟ್ಟೆದ್ದ ಮುದ್ದೆಯ ಮೇಲೆ ತಟ್ಟೆ ಮುಚ್ಚಿಡುತ್ತಾನೆ.

ಹೆಣ್ಣು ಮೂವತ್ತು ದಾಟಿದೆ. ಮದುವೆಯ ಮಾತೆತ್ತಿದರೆ ಬ್ಯಾಗು ಹೆಗಲಿಗೇರುತ್ತದೆ. ಬಿ.ಎಡ್‌ಗೆ ಸೇರಿ ನಡುವೆಯೇ ಬಿಟ್ಟಳು. ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಒಂದೇ ಬಾಟಲಿಯನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತ ಕೂರಲು ತನ್ನ ಕೈಲಾಗದು ಎಂದು ಅದನ್ನೂ ಬಿಟ್ಟು ಬಂದಳು. ಟ್ಯೂಷನ್ ಶುರು ಮಾಡಿದಳು, ಮುಚ್ಚಿದಳು. ಮಾರಯ್ಯನ ಮಗಳು ಯಾವುದನ್ನೂ ಮುಗಿಸುವವಳಲ್ಲ ಎಂದು ಬೀದಿಯೇ ತೀರ್ಮಾನ ಮಾಡಿಬಿಟ್ಟಿತ್ತು. ಬೀದಿಯ ಬಾಯಿಗೆ ಅವಳು ಹೆದರುವವಳಲ್ಲ ಬಿಡಿ. ಆದರೆ ಅದು ನಿಜವೇ ಇರಬಹುದೇನೋ ಎಂಬ ಹೆದರಿಕೆ ಅವಳ ಒಳಗೇ ಇತ್ತು, ಅದು ಬೀದಿಯವರಿಗೆ ಗೊತ್ತಿರಲಿಲ್ಲ.

ಒಂದನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ಕಾಲೇಜು ಮುಗಿಸಿ, ಸಿಕ್ಕಿದ ಬಸ್ಸು ಹತ್ತಿ ಚಾಮರಾಜನಗರದ ಲ್ಯಾಬಿಗೆ ಓಡುತ್ತಿದ್ದಳು. ವರ್ಷಗಟ್ಟಲೆ ಓಡಿದಳು. ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದರೆ ಊರಿನಲ್ಲಿ ಅದೇನೆಂದು ಕೇಳುವವರಿಲ್ಲ. ಮಾರಯ್ಯ ಒಮ್ಮೆ ಕೇಳಿದ, "ಅಲ್ಲಿ ಏನ್ ಮಾಡಿಯಮ್ಮಿ ನೀನು?" ಅವಳು ನಿಂತುಕೊಂಡೇ ಹೇಳಿದಳು.

ಒಲೆಯ ಮಸಿಯಂಥ ಒಂದು ಕಪ್ಪು ಪುಡಿ ಇದೆ. ಅದರ ಒಂದೊಂದು ಎಳೆಯೂ ಕಾರ್ಬನ್ನಿನ ಕೊಳವೆ, ತಲೆಗೂದಲನ್ನು ಸಾವಿರ ಸಾವಿರ ಸಲ ಸೀಳಿದರೂ ಅಷ್ಟು ಸಣ್ಣದಾಗದು. ಅದಕ್ಕೇ ನ್ಯಾನೊ ಎನ್ನುವುದು. ಅದರಲ್ಲಿ ಕರೆಂಟು ಸಲೀಸಾಗಿ ಓಡುತ್ತದೆ, ಎಳೆದರೂ ಹರಿಯುವುದಿಲ್ಲ. ಇನ್ನೊಂದು ಪಾಲಿಅನಿಲಿನ್, ಪ್ಲಾಸ್ಟಿಕ್ಕಿನ ಬಳಗದ್ದೇ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಷ್ಟೆ? ಇದರಲ್ಲಿ ಹರಿಯುತ್ತದೆ. ಮೈಯಲ್ಲಿ ಹುಳಿಯಂಶ ಇರುವ ತನಕ ಹಸಿರಾಗಿದ್ದು ಕರೆಂಟು ಬಿಡುತ್ತದೆ. ಅಮೋನಿಯಾ ಗಾಳಿ ತಗುಲಿದರೆ ಹುಳಿ ಇಳಿದು, ನೀಲಿಗೆ ತಿರುಗಿ ಕರೆಂಟಿಗೆ ಅಡ್ಡ ನಿಲ್ಲುತ್ತದೆ, ಗಾಳಿ ತಿಳಿಯಾದರೆ ಮತ್ತೆ ದಾರಿ ಬಿಡುತ್ತದೆ. ಅಂದರೆ ಅದಕ್ಕೆ ವಾಸನೆ ಗೊತ್ತಾಗುತ್ತದೆ. ಆದರೆ ಒಂಟಿಯಾಗಿ ಬಿಟ್ಟರೆ ಬಿರುಕು ಬಿಟ್ಟು ಉದುರಿಹೋಗುವ ವಸ್ತು ಅದು. ಕೊಳವೆಗಳಿಗೆ ಗಟ್ಟಿತನವಿದೆ, ವಾಸನೆಯ ಗೊಡವೆ ಇಲ್ಲ. ಎರಡನ್ನೂ ಕೂಡಿಸಿ ಬಟ್ಟೆಯ ಮೇಲೆ ಕೂರಿಸಬೇಕು. ಅಷ್ಟೇ ಅವಳ ಕೆಲಸ.

"ಅಷ್ಟೇಯಾ?" ಎಂದ ಮಾರಯ್ಯ.

ಅಷ್ಟೇ! ಆ ಅಷ್ಟಕ್ಕೆ ಅವಳ ಯೌವನವೇ ಹೋಯಿತು. ಕಪ್ಪು ಪುಡಿ ದ್ರಾವಣದಲ್ಲಿ ಹರಡಿಕೊಳ್ಳದೆ ರಾಗಿಹಿಟ್ಟು ಗಂಟು ಕಟ್ಟಿದ ಹಾಗೆ ಕೂರುತ್ತಿತ್ತು. ಐಸಿನ ಮಧ್ಯೆ ಇಟ್ಟು, ಆಸಿಡ್ಡಿನಲ್ಲಿ ತೊಳೆದು, ಕಲಕಿ ಕಲಕಿ ನೋಡಿದಳು. ಮಂಗಮ್ಮನಿಗೆ ಗಂಟಿನ ವಿಚಾರ ಗೊತ್ತಾಗಿ, "ಮುದ್ದೆ ತಿರುವಕ್ಕೇ ಬರಕಿಲ್ಲ ನಿಂಗೆ, ಇನ್ನ ಅದೇನ್ ತಿರುವಿಯೆ" ಎಂದು ನಕ್ಕಿದ್ದಳು. ಕೊನೆಗೆ ಒಂದು ದಿನ ಬೆರಳುದ್ದದ ಬಟ್ಟೆಯ ಚೂರಿನ ಮೇಲೆ ಎಲೆಹಸಿರು ಬಣ್ಣದ ಪದರ ಸಮವಾಗಿ ಕೂತಿತು. ಬಗ್ಗಿಸಿದರೂ ಉದುರಲಿಲ್ಲ. ಕುಮಾರಿ ಅದನ್ನು ಹಿಡಿದುಕೊಂಡು ಲ್ಯಾಬಿನ ಉದ್ದಕ್ಕೂ ಓಡಾಡಿದಳು, ತೋರಿಸಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳ ಮಾರ್ಗದರ್ಶಕರು ವೃಷಭೇಂದ್ರಪ್ಪ. ಒಳ್ಳೆಯವರೇ, ಆದರೆ ಒಳ್ಳೆಯ ಸುದ್ದಿಯನ್ನೂ ಬೈಗುಳದ ಧಾಟಿಯಲ್ಲಿ ಹೇಳುವವರು. "ಬಾಟಲಿ ಒಳಗೆ ವಾಸನೆ ಹಿಡಿದರೆ ಯಾರಿಗೆ ಬೇಕಮ್ಮ? ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇಟ್ಟು ತೋರಿಸು. ಹಿಕ್ಕೆ ಕೊಳೆತರೆ ಅಮೋನಿಯಾ ಏಳುತ್ತೆ, ಹುಳು ಸಾಯುತ್ತೆ. ಅಲ್ಲಿ ನಿಲ್ಲಬೇಕು ನಿನ್ನ ಪಟ್ಟಿ. ಒಂದು ಬೆಳೆ, ಹುಳು ಗೂಡು ಕಟ್ಟುವ ತನಕ. ನಿನಗೆ ಕೊಟ್ಟಿರೋದು ಕೊನೇ ಅವಧಿ. ಈ ಬೆಳೆ ತಪ್ಪಿದರೆ ನಿನ್ನ ಹೆಸರೇ ತೆಗೆದುಹಾಕ್ತಾರೆ, ನನ್ನ ಕೈಲಿ ಏನೂ ಇಲ್ಲ."

ಸರಿ, ಹುಳುಮನೆ ಹುಡುಕುತ್ತ ಹೊರಟಳು. ಹುಳು ಸಾಕುವವರು ಹೊರಗಿನವರನ್ನು ಒಳಗೆ ಬಿಡುವುದಿಲ್ಲ; ಕಾಲಿನ ಧೂಳಿನಲ್ಲೇ ರೋಗ ಬರುತ್ತದೆ ಎಂಬುದು ನಿಜವೂ ಹೌದು. ಆದರೆ ಒಬ್ಬರು "ಬೇಗೂರಲ್ಲಿ ಯಾವ ಬೀದಿ?" ಎಂದು ಕೇಳಿ, ಅವಳು ಹೇಳಿದ ಮೇಲೆ "ಹುಳಕ್ಕೆ ಆಗಕಿಲ್ಲ ಕಣಮ್ಮ" ಎಂದರು. ಇನ್ನೊಬ್ಬರು ಗೇಟಿನ ಆಚೆಯೇ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟು ಕಳಿಸಿದರು. ಹುಳುವಿಗೆ ಆಗದ್ದು ಯಾವುದು, ಧೂಳೋ ಬೀದಿಯೋ? ಬಸ್ಸಿನ ಬಾಗಿಲಲ್ಲಿ ನಿಂತು ಇದನ್ನೇ ಯೋಚಿಸಿ ಯೋಚಿಸಿ ಅವಳಿಗೆ ತಲೆ ಕೆಟ್ಟುಹೋಗುತ್ತಿತ್ತು.

ಹರವೆಯ ಶಾಂತಮಲ್ಲಮ್ಮ ಮಾತ್ರ ಕೇಳಿದ್ದೇ ಬೇರೆ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹಣೆಯಲ್ಲಿ ವಿಭೂತಿ, ಬೆರಳ ತುದಿಗೆಲ್ಲ ಹಿಪ್ಪುನೇರಳೆ ಸೊಪ್ಪಿನ ಕಲೆ. ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಇದ್ಕೆ ದಿಟವಾಗ್ಲೂ ವಾಸ್ನೆ ಗೊತ್ತಾಯ್ತದಾ?" ಎಂದಳು. ಗೊತ್ತಾಗುತ್ತದೆ ಎಂದಳು ಕುಮಾರಿ. "ಗೊತ್ತಾದ್ರೆ ಯೋಳ್ತದಾ?" ಫೋನಿನಲ್ಲಿ ಅಂಕಿ ತೋರಿಸುತ್ತದೆ, ಮಿತಿ ಮೀರಿದರೆ ಕೂಗಿಕೊಳ್ಳುತ್ತದೆ ಎಂದು ವಿವರಿಸಿದಳು. ಬೀದಿ ಯಾವುದೆಂಬ ಮಾತೇ ಬರಲಿಲ್ಲ. "ನಾಳಿಕೇ ತಂದ್ ಕಟ್ಬುಡು" ಎಂದಳು ಶಾಂತಮಲ್ಲಮ್ಮ.

ಅವಳ ಗಂಡ ಶಂಭುಲಿಂಗಪ್ಪನಿಗೆ ಇದು ಅವಮಾನವಾಗಿತ್ತು. ಹೆಂಡತಿಯ ಮೂಗಿನ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ. "ನಮ್ಮನೇವ್ಳು ಬಾಗ್ಲಲ್ಲಿ ನಿಂತು ಒಂದ್ಸಲ ಉಸ್ರೆಳ್ಕಂಡ್ರೆ ಆಯ್ತು, ಹುಳ ಎಂಗವೆ ಅಂತ ಯೋಳ್ಬುಡ್ತಾಳೆ. ಅಕ್ಕಪಕ್ಕದ ಹುಳಿನ ಮನೇರೂ ಕರ್ಕಂಡೋಯ್ತಾರೆ. ಅವ್ಳ ಮುಂದೆ ಇದ್ಯಾವ ಮಿಷನ್ನು?" ಅವನು ಹೊಗೆಸೊಪ್ಪು ಹಾಕುವವನು; ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳು ಉಳಿಯದಾದ್ದರಿಂದ ಅವನಿಗೆ ಹುಳುಮನೆಯೊಳಗೆ ಪ್ರವೇಶವಿಲ್ಲ. ಕಿಟಕಿಯ ಹೊರಗೆ ನಿಂತೇ ಅವನ ದರ್ಬಾರು.

ಕುಮಾರಿ ಕೈಕಾಲು ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಿ ಒಳಗೆ ಹೋಗಿ ಪಟ್ಟಿ ಕಟ್ಟಿ, ಅದರ ತಂತಿಯನ್ನು ಕೂಗುವ ಪುಟ್ಟ ಪೆಟ್ಟಿಗೆಗೆ ಸಿಕ್ಕಿಸಿದಳು. ಹಾಸಿಗೆ ಒಣಗಿರಲೆಂದು ಹುಳುವಿನ ಬಿದಿರು ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಸುಣ್ಣ ಬಿದ್ದರೆ ಪಟ್ಟಿಯ ಹುಳಿ ಸತ್ತುಹೋಗುತ್ತದೆಂದು ಅವಳಿಗೆ ಗೊತ್ತು. ಅದಕ್ಕೇ ತೆಳು ಮಸ್ಲಿನ್ ಬಟ್ಟೆಯ ಮುಸುಕು ಹೊಲಿದು ತಂದಿದ್ದಳು. ಎಲ್ಲವನ್ನೂ ಯೋಚಿಸಿದ್ದೇನೆ ಎಂದುಕೊಂಡಿದ್ದಳು ಪಾಪ.

ಮೊದಮೊದಲು ಪಟ್ಟಿ ಚೆನ್ನಾಗಿ ನಡೆಯಿತು. ಹಾಸಿಗೆ ಚೊಕ್ಕ ಮಾಡಿ ಸೊಪ್ಪು ಹಾಕಿದಾಗ ಅಂಕಿ ಇಳಿಯುತ್ತಿತ್ತು, ಹಿಕ್ಕೆ ತೆಗೆಯಲು ತಡವಾದರೆ ನಿಧಾನಕ್ಕೆ ಏರುತ್ತಿತ್ತು. ಕುಮಾರಿಗೆ ಆ ಅಂಕಿಯನ್ನು ನೋಡದೆ ಇರಲಾಗುತ್ತಿರಲಿಲ್ಲ. ಪಾಠದ ನಡುವೆ ನೋಡುತ್ತಿದ್ದಳು, ಬಸ್ಸಿನಲ್ಲಿ ನೋಡುತ್ತಿದ್ದಳು, ಬಚ್ಚಲಿಗೂ ಫೋನು ಒಯ್ಯುತ್ತಿದ್ದಳು. "ಅದೇನ್ ಮೊಗ ಎತ್ತು ಬುಟ್ಟ್ ಬಂದಿದಿಯಾ ಅಲ್ಲಿ?" ಎಂದಳು ಮಂಗಮ್ಮ. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಕಳಚುವ ನಿದ್ದೆಯಿಂದ ಎದ್ದವು. ಇನ್ನು ಗಬಗಬ ತಿಂದು, ಹಣ್ಣಾಗಿ ಗೂಡು ಕಟ್ಟುವುದೊಂದೇ ಬಾಕಿ.

ಆ ಸೋಮವಾರ ಮಧ್ಯಾಹ್ನ ಅಂಕಿ ಒಮ್ಮೆಗೇ ನೆತ್ತಿಗೇರಿತು. ಏರಿದ್ದು ಇಳಿಯಲಿಲ್ಲ. ಕುಮಾರಿ ಹರವೆಗೆ ಫೋನು ಮಾಡಿದಳು. "ಕೂಗ್ತಾ ಅದೆ ಕಣಮ್ಮಿ, ಕಿಟ್ಕಿ ಎಲ್ಲ ತಗ್ದಿವ್ನಿ" ಎಂದಳು ಶಾಂತಮಲ್ಲಮ್ಮ. ವಾಸನೆ ಇದೆಯಾ ಎಂದರೆ, "ಅದೆ, ಅದೆ" ಎಂದಳು. ಮಾರನೆಯ ದಿನವೂ ಅಂಕಿ ಅಲ್ಲೇ ನಿಂತಿತ್ತು. ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ, ಬಿಟ್ಟು ಹೋಗುವ ಹಾಗಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಅವಳು ನಡೆದ ನಡಿಗೆಗೆ ಮಕ್ಕಳು ಬರೆಯುವುದನ್ನು ಬಿಟ್ಟು ನೋಡುತ್ತಿದ್ದರು. ಬುಧವಾರ ಬೆಳಿಗ್ಗೆ ರಜೆ ಹಾಕಿ ಹರವೆಯ ಬಸ್ಸು ಹತ್ತಿದಳು.

ಹೋಗಿ ನೋಡುತ್ತಾಳೆ, ಹುಳುಮನೆಯ ಕಿಟಕಿಗಳೆಲ್ಲ ಹಾರುಹೊಡೆದಿವೆ. ಡಿಸೆಂಬರಿನ ಗಾಳಿ ಒಳಗೆ ನುಗ್ಗಿ ಪರದೆಗಳನ್ನು ಬಡಿಯುತ್ತಿದೆ. ಹುಳುಗಳು ಚಳಿಗೆ ಜೋಲುಬಿದ್ದಿವೆ, ಹಾಕಿದ ಸೊಪ್ಪು ಹಾಗೇ ಇದೆ. ಶಂಭುಲಿಂಗಪ್ಪ ಅಂಗಳದಲ್ಲೇ ಅವಳನ್ನು ಹಿಡಿದುಕೊಂಡ.

"ಎಲ್ಡ್ ದಿನದಿಂದ ಬಡ್ಕತಾ ಅದೆ ನಿನ್ ಮಿಷನ್ನು. ಕಿಟ್ಕಿ ತವು ನಿಂತ್ಕಂಡ್ರೆ ನಂಗೆ ಏನೂ ವಾಸ್ನೆ ಇಲ್ಲ. ಇವ್ಳ ಕೇಳುದ್ರೆ ಅದೆ ಅಂತಾಳೆ. ಇವ್ಳ ಮೂಗು ಸುಳ್ಳಾಡಕಿಲ್ಲ, ಅದ್ಕೇ ಸುಮ್ಗಿವ್ನಿ. ಹುಳ ನೋಡುದ್ಯಾ ಎಂಗಾಗವೆ?"

ಕುಮಾರಿ ಒಳಗೆ ಹೋಗಿ ಉಸಿರೆಳೆದಳು. ಸೊಪ್ಪಿನ ಹಸಿ ವಾಸನೆ ಬಿಟ್ಟರೆ ಏನೂ ಇಲ್ಲ. "ಎಲ್ಲಿ ಕಣಮ್ಮ ವಾಸ್ನೆ?" ಎಂದು ಮೆಲ್ಲಗೆ ಕೇಳಿದಳು. ಶಾಂತಮಲ್ಲಮ್ಮ ಅವಳ ಮುಖ ನೋಡದೆ, ಪೆಟ್ಟಿಗೆಯ ಕೆಂಪು ದೀಪವನ್ನೇ ನೋಡುತ್ತ, "ಅದೆಯಲ್ಲ ಕಣಮ್ಮಿ, ಘಾಟು" ಎಂದಳು. ಇದೇನಪ್ಪ ಕಥೆ ಎಂದುಕೊಂಡು ಕುಮಾರಿ ಮಸ್ಲಿನ್ ಮುಸುಕು ಎತ್ತಿದಳು.

ಎಲೆಹಸಿರಿನ ಪಟ್ಟಿ ಕಡುನೀಲಿಯಾಗಿತ್ತು. ಅದರ ಮೇಲೆ ಅಡ್ಡಡ್ಡಲಾಗಿ ಮೂರು ಬಿಳಿ ಗೆರೆಗಳು, ಬೆರಳಿನಿಂದ ಒತ್ತಿ ಎಳೆದಂಥವು.

"ಅಯ್ಯೋ! ಯಾರ್ ಇದ್ಕೆ ಈಬೂತಿ ಇಟ್ಟಿದ್ದು?" ಎಂದು ಕಿರುಚಿಯೇಬಿಟ್ಟಳು. ಜಾಗ ಯಾವುದು, ಮನೆ ಯಾರದು ಎಂಬುದೆಲ್ಲ ಮರೆತೇಹೋಗಿತ್ತು.

"ನಾನೇಯ" ಎಂದಳು ಶಾಂತಮಲ್ಲಮ್ಮ, ಗಾಬರಿಯಿಂದ. "ಸೋಮ್ವಾರ ಪೂಜೆ ಮಾಡ್ಕಂಡು ಬಂದೆ. ಹೊಸಾದು ಮನೆಗ್ ಬಂದ್ರೆ ಈಬೂತಿ ಇಡ್ದೆ ಬುಡಕ್ಕಾಯ್ತದಾ? ಪಂಪ್‌ಸೆಟ್ಗೂ ಇಟ್ಟಿದ್ದೆ, ಗಾಡಿಗೂ ಇಟ್ಟಿದ್ದೆ. ಪೆಟ್ಗೆ ಮ್ಯಾಲೆ ಇಡನ ಅನ್ಕಂಡೆ. ಆಮ್ಯಾಕೆ, ವಾಸ್ನೆ ನೋಡದು ಈ ಹಸ್ರುದಲ್ವಾ, ಇದ್ರ ಅಣೆಗೇ ಇಡ್ಬೇಕು ಅನ್ನುಸ್ತು. ತಪ್ಪಾಯ್ತಾ?"

ಕುಮಾರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಣ್ಣಕ್ಕೆ ಮುಸುಕು ಹೊಲಿದ ಬುದ್ಧಿವಂತೆ ವಿಭೂತಿಯನ್ನು ನೆನೆಯಲಿಲ್ಲ! ಸಗಣಿಯ ಬೂದಿ ನೀರಿನಲ್ಲಿ ಕಲಸಿದರೆ ಅದೂ ಸುಣ್ಣದ ಹಾಗೇ ಹುಳಿಯನ್ನು ಹೀರಿಬಿಡುತ್ತದೆ. ಪಟ್ಟಿಗೆ ಅದು ದೊಡ್ಡ ಅಮೋನಿಯಾ ಮೋಡವೇ ಮೈಮೇಲೆ ಕೂತ ಹಾಗೆ. ಅದು ಎರಡು ದಿನದಿಂದ ಇಲ್ಲದ ವಾಸನೆಗೆ ಬೊಬ್ಬೆ ಹೊಡೆಯುತ್ತಿತ್ತು.

"ವಾಸ್ನೆನೇ ಇರ್ಲಿಲ್ಲ ಕಣಮ್ಮ. ಸುಮ್ಸುಮ್ನೆ ಕೂಗ್ತಿತ್ತು. ನಿಮ್ಗೆ ಗೊತ್ತಾಗ್ಲಿಲ್ವಾ?"

ಶಾಂತಮಲ್ಲಮ್ಮ ಕಿಟಕಿಯ ಕಡೆ ನೋಡಿದಳು. ಗಂಡ ದೂರದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ. ದನಿ ತಗ್ಗಿಸಿ ಹೇಳಿದಳು. "ನಂಗೆ ಮೂಗೇ ಇಲ್ಲ ಕಣಮ್ಮಿ. ಕೊರೊನಾ ಬಂತಲ್ಲ, ಆವತ್ತು ಓದದ್ದು ಬರ್ನೇ ಇಲ್ಲ. ಮಲ್ಗೆ ಮುಡುದ್ರೂ ಅಷ್ಟೇಯ, ಹಾಲು ಸೀದೋದ್ರೂ ಅಷ್ಟೇಯ. ಇವ್ರು ಊರ್ ತುಂಬ ನನ್ ಮೂಗು ನನ್ ಮೂಗು ಅಂತ ಯೋಳ್ಕ ತಿರುಗ್ತಾರೆ. ಬ್ಯಾರೆಯೋರು ಹುಳಿನ ಮನೇಗ್ ಕರ್ದ್ರೆ ಓಯ್ತಿನಿ, ಬಾಗ್ಲಲ್ಲಿ ನಿಂತು ಉಸ್ರೆಳ್ಕಂಡಂಗ್ ಮಾಡಿ, ಕಿಟ್ಕಿ ತಗೀರಿ ಅಂತ ಯೋಳಿ ಬತ್ತಿನಿ. ಇನ್ನೇನ್ ಯೋಳ್ಲಿ? ಓದ್ ಬೆಳೆ ಕೊಳ್ತೋಯ್ತು, ನಂಗ್ ಗೊತ್ತೇ ಆಗ್ನಿಲ್ಲ. ಇವ್ರಿಗ್ ತಿಳುದ್ರೆ ನೇರಳೆ ಕಿತ್ತಾಕಿ ಬಾಳೆ ಆಕ್ಬುಡ್ತಾರೆ. ಈ ಮನೆ ಬಾಗ್ಲು ಮುಚ್ಚುದ್ರೆ ನಾ ಎಲ್ ಕೂತ್ಕಳ್ಳಿ, ಒಲೆ ಮುಂದ್ಲಾ?"

ಹೊರಗಿನಿಂದ ಗುಡುಗು ಬಂತು. ಶಂಭುಲಿಂಗಪ್ಪ ಕಿಟಕಿಗೆ ಬಂದಿದ್ದ. ಕೊನೆಯ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ, ಮೊದಲಿನ ಕಿರುಚಾಟ ಬಿದ್ದಿತ್ತು.

"ಏನು, ಈಬೂತಿ ಇಟ್ರೆ ಕೆಟ್ಟೋಯ್ತದಾ? ಈಬೂತಿಗೆ ಕೆಡೋ ವಸ್ತು ನಮ್ಮನೇಗ್ ಯಾಕ್ ತಂದೆ? ನಿಮ್ಮೋರ್ಗೆ ಈಬೂತಿ ಬೆಲೆ ಏನ್ ಗೊತ್ತು!"

ನಿಮ್ಮೋರ್ಗೆ. ಕುಮಾರಿಯ ಕೆನ್ನೆ ಉರಿಯಿತು. ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಅವನು ಹೆಂಡತಿಯ ಕಡೆ ತಿರುಗಿದ್ದ. "ನೀ ಯೋಳು. ಎಲ್ಡ್ ದಿನ ವಾಸ್ನೆ ಅದೆ ಅಂದೆಯಲ್ಲ, ಇತ್ತಾ ಇಲ್ವಾ?"

ಶಾಂತಮಲ್ಲಮ್ಮ ಮತ್ತೆ ಪೆಟ್ಟಿಗೆಯ ದೀಪದ ಕಡೆ ನೋಡಿದಳು. ಕುಮಾರಿಗೆ ಎಲ್ಲ ಸ್ಪಷ್ಟವಾಗಿ ಕಾಣಿಸಿತು. ನಿಮ್ಮ ಹೆಂಡತಿಗೆ ವಾಸನೆ ತಿಳಿಯುವುದಿಲ್ಲ, ಅದಕ್ಕೇ ಈ ಪಟ್ಟಿ ಬೇಕು ಎಂದು ಒಂದೇ ಮಾತು ಹೇಳಿದರೆ ಸಾಕು. ಪಟ್ಟಿ ಉಳಿಯುತ್ತದೆ. ಬೆಳೆ ಮುಗಿಯುತ್ತದೆ, ಹುಟ್ಟಿದ ಮೇಲೆ ಮೊದಲ ಸಲ ಏನನ್ನಾದರೂ ಮುಗಿಸಿದ ಹಾಗೂ ಆಗುತ್ತದೆ. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆಮೇಲೆ ಆ ಹೆಂಗಸಿನ ಮುಖ ನೋಡಿದಳು.

"ಮಿಷನ್ನೇ ಸರಿ ಇಲ್ಲ ಕಣ್ರೀ" ಎಂದಳು. "ನನ್ ಮುಖ ಉಳ್ಸಕ್ಕೆ ಅಮ್ಮ ವಾಸ್ನೆ ಅದೆ ಅಂದ್ಬುಟ್ರು. ತಪ್ಪು ನಂದು."

"ಅಂಗಾರೆ ಬಿಚ್ಕಂಡ್ ಓಗು" ಎಂದ ಅವನು.

ಬಿಚ್ಚಿಕೊಂಡಳು. ಪಟ್ಟಿ, ಪೆಟ್ಟಿಗೆ, ತಂತಿ ಎಲ್ಲವನ್ನೂ ಬ್ಯಾಗಿಗೆ ತುರುಕಿ ರಸ್ತೆಗೆ ಬಂದಳು. ಬಸ್ ನಿಲ್ದಾಣದಲ್ಲಿ ಐದಾರು ಜನ ಇದ್ದರು, ಚೆಂಡುಹೂವಿನ ಮೂಟೆಗಳಿದ್ದವು. ಅವಳು ಆ ಮೂಟೆಗಳ ಸುತ್ತ ಸುತ್ತತೊಡಗಿದಳು. ತನ್ನ ಮೇಲೆಯೇ ಸಿಟ್ಟು ಬಂತು. ಯಾರೋ ಯಾವಳೋ, ಅವಳ ಗುಟ್ಟು ಕಾಯಲು ನಾನ್ಯಾರು? ಅವಳ ಗಂಡ ನಿಮ್ಮೋರ್ಗೆ ಎಂದನಲ್ಲ, ಅವನ ಮನೆಯ ಮಾನ ಉಳಿಸಲು ನನ್ನ ಪದವಿ ಹೋಗಬೇಕಾ? ವೃಷಭೇಂದ್ರಪ್ಪನವರಿಗೆ ಏನು ಹೇಳುವುದು? ಬೀದಿಯವರು ಏನು ಹೇಳುತ್ತಾರೆಂಬುದು ಮೊದಲೇ ಗೊತ್ತಿತ್ತು. ಕಣ್ಣು ತುಂಬಿ ಬಂತು, ಅದಕ್ಕೂ ಸಿಟ್ಟು ಬಂತು.

"ಕುಮಾರೀ!"

ಶಾಂತಮಲ್ಲಮ್ಮ ರಸ್ತೆಯಲ್ಲಿ ಓಡಿ ಬರುತ್ತಿದ್ದಳು. ಕಾಲಲ್ಲಿ ಚಪ್ಪಲಿ ಇಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೇ ಇದೆ. ಊರಿನಲ್ಲಿ ಅವಳು ಓಡಿದ್ದನ್ನು ಯಾರೂ ನೋಡಿರಲಿಲ್ಲ. ನಿಲ್ದಾಣದ ಜನವೆಲ್ಲ ಎದ್ದು ನಿಂತರು. ಹಿಂದೆಯೇ ಶಂಭುಲಿಂಗಪ್ಪನ ಮೊಪೆಡ್ಡು ಕೆಮ್ಮುತ್ತ ಬಂತು. "ಏಯ್, ಏನಾಗದೆ ನಿಂಗೆ, ನಿಂತ್ಕ!" ಎಂದು ಕೂಗುತ್ತಿದ್ದ. ಅವಳು ನಿಂತಳು, ಕುಮಾರಿಯ ಬ್ಯಾಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು.

"ಇವ್ಳು ಓಗಕಿಲ್ಲ" ಎಂದಳು ಗಂಡನಿಗೆ, ಏದುಸಿರು ಬಿಡುತ್ತ, ಊರಿಗೆಲ್ಲ ಕೇಳುವಂತೆ. "ಇವ್ಳು ಸುಳ್ಳೇಳುದ್ಲು. ಮಿಷನ್ ಸರಿಯಾಗೇ ಅದೆ. ಮೂಗಿಲ್ದೇ ಇರದು ನಂಗೆ. ಕೊರೊನಾದಿಂದ ನಂಗೆ ಯಾವ್ ವಾಸ್ನೆನೂ ಬರಕಿಲ್ಲ. ಕೇಳುಸ್ತಾ? ಎಲ್ಲಾರೂ ಕೇಳುಸ್ಕಳಿ! ನಿಮ್ ಹುಳಿನ ಮನೇಗ್ ಬಂದು ನಾ ಯೋಳಿದ್ದೆಲ್ಲ ಬುರುಡೆಯ!"

ಬಸ್ಸು ಬಂತು, ಹಾರನ್ ಹೊಡೆಯಿತು, ಯಾರೂ ಹತ್ತದಿದ್ದನ್ನು ನೋಡಿ ಕಂಡಕ್ಟರ್ ಬೈದುಕೊಂಡು ರೈಟ್ ಹೇಳಿದ. ಶಂಭುಲಿಂಗಪ್ಪ ಮೊಪೆಡ್ಡಿನ ಮೇಲೆ ಹಾಗೇ ಕೂತಿದ್ದ. ಅವನ ಬಾಯಿಂದ ಬಂದದ್ದು ಯಾರೂ ಎಣಿಸದ ಪ್ರಶ್ನೆ.

"ಓದ ಹಬ್ಬದಲ್ಲಿ ಅವರೆಕಾಳು ಸಾರು ಘಮ್ ಅಂತದೆ ಅಂದ್ಯಲ್ಲ ನೀನು?"

"ನಿಮ್ ಮೊಕ ನೋಡ್ಕಂಡು ಅಂದೆ" ಎಂದಳು ಶಾಂತಮಲ್ಲಮ್ಮ. "ದಿನಾ ಅಂಗೇಯ. ನಿಮ್ ಮೊಕ ಅರಳುದ್ರೆ ಚೆಂದಾಗದೆ ಅಂತಿನಿ, ಸಿಂಡರ್ಸುದ್ರೆ ಸೀದೋಗದೆ ಅಂತಿನಿ. ಹುಳಿನ ಮನೇಲಿ ನಿಮ್ ಮೊಕ ಇರಕಿಲ್ಲ. ಅಲ್ಲಿ ನಾ ಯಾರ್ ಮೊಕ ನೋಡ್ಲಿ?"

ಅವನು ಮೊಪೆಡ್ಡಿನಿಂದ ಇಳಿದ. ಬಾಯಲ್ಲಿದ್ದ ಹೊಗೆಸೊಪ್ಪನ್ನು ರಸ್ತೆಯ ಬದಿಗೆ ಉಗಿದ. ಕುಮಾರಿಯ ಕಡೆ ನೋಡದೆಯೇ, "ಬ್ಯಾಗ್ ಕೊಡವ್ವ ಇಲ್ಲಿ, ಗಾಡಿಗ್ ಆಕತಿನಿ. ನಡೀರಿ ಇಬ್ರೂವೆ. ಹುಳ ಹಸ್ಕಂಡವೆ" ಎಂದ.

ನೀಲಿಯಾದ ಪಟ್ಟಿಯನ್ನು ಕುಮಾರಿ ಹುಳುಮನೆಯ ಹೊರಗೆ ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದಳು. ಬರೀ ಪಾಲಿಅನಿಲಿನ್ ಆಗಿದ್ದರೆ ಸಿಪ್ಪೆಯಂತೆ ಕಳಚಿ ಹೋಗುತ್ತಿತ್ತು. ಕೊಳವೆಗಳು ಒಳಗಿಂದ ಅದನ್ನು ಹಿಡಿದುಕೊಂಡಿದ್ದವು, ಒಂದು ಚೂರೂ ಬಿಡಲಿಲ್ಲ. ಹುಳಿ ಹೋಗಿದೆ, ಹುಳಿ ಕೊಟ್ಟರೆ ಬರಬೇಕು. ಲ್ಯಾಬಿನ ಆಸಿಡ್ ಇಲ್ಲೆಲ್ಲಿ? ನಿಂಬೆಹಣ್ಣು ಕೇಳಿದಳು. ಶಂಭುಲಿಂಗಪ್ಪ ಒಂದು ಕೇಳಿದರೆ ಮಡಿಲು ತುಂಬ ತಂದ. ರಸ ಹಿಂಡಿ, ಶೋಧಿಸಿ, ಪಟ್ಟಿಯನ್ನು ಅದ್ದಿದಳು. ಅಂಚಿನಿಂದ ಶುರುವಾಗಿ ನೀಲಿ ಕರಗಿ ಹಸಿರು ಹರಡಿತು. "ಶಿವನೇ!" ಎಂದ ಶಂಭುಲಿಂಗಪ್ಪ. ಮೊದಲಿನ ಹಸಿರಲ್ಲ ಅದು, ಸ್ವಲ್ಪ ಮಾಸಲು. ಅಂಕಿಯೂ ಮೊದಲಿನ ಅಂಕಿಯಲ್ಲ, ಹೊಸದಾಗಿ ತಾಳೆ ನೋಡಬೇಕು.

ಫೋನಿನಲ್ಲಿ ವೃಷಭೇಂದ್ರಪ್ಪ, "ಆ ಎರಡು ದಿನ ಕಿತ್ತಾಕಮ್ಮ, ಯಾರು ನೋಡ್ತಾರೆ" ಎಂದರು. ಆಗಲ್ಲ ಸಾರ್ ಎಂದಳು ಕುಮಾರಿ. ಇದ್ದದ್ದು ಇದ್ದ ಹಾಗೇ ಬರೀತೀನಿ, ವಿಭೂತಿ ಇಟ್ಟಿದ್ದು, ನಿಂಬೆರಸದಲ್ಲಿ ತೊಳೆದದ್ದು, ಎರಡೂ. ಅವರು ಬೈದರು. ಬೈದು ಬೈದು ಸುಸ್ತಾಗಿ, "ಬರಿ, ಪರೀಕ್ಷಕರಿಗೆ ನೀನೇ ಉತ್ತರ ಹೇಳಬೇಕು, ನಾನಲ್ಲ" ಎಂದು ಫೋನು ಇಟ್ಟರು. ಉತ್ತರ ಹೇಳಲು ಅವಳಿಗೇನು ಹೆದರಿಕೆ? ಅವಳು ಮತ್ತೆ ಕಾಲು ತೊಳೆದು ಒಳಗೆ ಹೋಗಿ ಪಟ್ಟಿ ಕಟ್ಟಿದಳು. ಪೆಟ್ಟಿಗೆ ಕೂಗಲಿಲ್ಲ. ಗೂಡು ಕಟ್ಟುವ ತನಕ ದಿನಾ ಕಾಲೇಜು ಮುಗಿಸಿ ಇಲ್ಲಿಗೇ ಬರುತ್ತೇನೆ ಎಂದು ಹೇಳಿದಾಗ ಶಾಂತಮಲ್ಲಮ್ಮ ತಲೆಯಾಡಿಸಿದಳು.

ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು, ಒಂದನ್ನು ಮಾತ್ರ ಅರ್ಧ ಬಿಟ್ಟರು. ಒಳಗೆ ಬೆಚ್ಚಗಾಗುತ್ತ ಬಂತು. ಇಬ್ಬರೂ ಸೇರಿ ಹಳೆಯ ಸೊಪ್ಪು ತೆಗೆದು ಹೊಸ ಸೊಪ್ಪು ಹರಡಿದರು. ಎಷ್ಟೋ ಹೊತ್ತು ಹುಳುಗಳು ಕದಲಲಿಲ್ಲ. ಕುಮಾರಿ ತಟ್ಟೆಯ ಪಕ್ಕ ನೆಲದ ಮೇಲೆ ಕೂತು ಅವನ್ನೇ ನೋಡುತ್ತಿದ್ದಳು. ಎದ್ದು ಓಡಾಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಮೊದಲು ಒಂದು ತಲೆ ಎತ್ತಿತು. ಆಮೇಲೆ ಅಲ್ಲೊಂದು ಇಲ್ಲೊಂದು. ನಿಧಾನಕ್ಕೆ ಸೊಪ್ಪು ಕಡಿಯುವ ಸರಸರ ಸದ್ದು ಮನೆಯೆಲ್ಲ ಹಬ್ಬಿತು.

ಅರ್ಧ ತೆರೆದ ಕಿಟಕಿಯ ಆಚೆ ಶಂಭುಲಿಂಗಪ್ಪ ನಿಂತಿದ್ದ. ಯಾರಿಗೂ ಹೇಳದವನಂತೆ, ಗೋಡೆಗೆ ಹೇಳಿದ.

"ಈಗ ಸೊಪ್ಪಿನ್ ವಾಸ್ನೆ ಬತ್ತಾ ಅದೆ ಕಣ. ಹಸೀ ಸೊಪ್ಪಿಂದು. ಒಸಿ ನಿಂಬೆಹಣ್ಣಿಂದೂ ಅದೆ. ಬ್ಯಾರೆ ಏನೂ ಇಲ್ಲ."

ಶಾಂತಮಲ್ಲಮ್ಮ ಸೊಪ್ಪು ಹರಡುತ್ತಿದ್ದ ಕೈ ನಿಲ್ಲಿಸಲಿಲ್ಲ. ಮುಂಗೈಯಿಂದ ಕಣ್ಣೊರೆಸಿಕೊಂಡು, "ಇನ್ನೊಸಿ ಯೋಳಿ" ಎಂದಳು.